ಕೈಮೇಲಿನ ಎಕ್ಸ್

ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ಶೋಗಳ ಬಾಗಿಲಲ್ಲಿ, ಕುಡಿಯುವ ವಯಸ್ಸಾಗದವರಿಗೆ ಎಕ್ಸ್ ಗುರುತು ಹಾಕುವುದು ಅಂಗೈಗಲ್ಲ, ಕೈಯ ಹಿಂಬದಿಗೆ. ಲೋಟಕ್ಕೆ ಕೈಚಾಚಿದ ಕೂಡಲೇ ಬಾರಿನವರ ಕಣ್ಣಿಗೆ ಬೀಳಬೇಕು. ಒಂದೇ ಕೈಗೆ ಹಾಕಿದರೆ ಹುಡುಗರು ಅದನ್ನು ಜೇಬಿಗಿಳಿಸಿ ಇನ್ನೊಂದರಲ್ಲಿ ಬಿಯರ್ ತಗೊಳ್ಳುತ್ತಾರೆ. ಅದಕ್ಕೇ ಎರಡೂ ಕೈಗೆ, ದಪ್ಪ ಮೊನೆಯ ಪರ್ಮನೆಂಟ್ ಮಾರ್ಕರ್‌ನಲ್ಲಿ. ನೀರಿನ ಇಂಕು ಬೆವರಿಗೆ ನಿಲ್ಲದು. ಪರ್ಮನೆಂಟ್ ಇಂಕನ್ನೂ ಸ್ಪಿರಿಟ್ ಹಚ್ಚಿ ಉಜ್ಜಿ ತೆಗೆಯುವವರಿದ್ದಾರೆ, ಆದರೆ ಉಜ್ಜಿದ ಚರ್ಮ ಕೆಂಪಗಾಗಿ ಅದೇ ಸಾಕ್ಷಿ ಹೇಳುತ್ತದೆ.

1980ರಲ್ಲಿ ವಾಷಿಂಗ್ಟನ್ ಡಿಸಿಯ ಟೀನ್ ಐಡಲ್ಸ್ ಬ್ಯಾಂಡಿನ ಹುಡುಗರು ಸ್ಯಾನ್ ಫ್ರಾನ್ಸಿಸ್ಕೋದ ಮಬುಹಾಯ್ ಗಾರ್ಡನ್ಸ್ ಕ್ಲಬ್ಬಿನಲ್ಲಿ ನುಡಿಸಲು ಹೋದಾಗ ಅವರಿಗೆ ಕುಡಿಯುವ ವಯಸ್ಸಾಗಿರಲಿಲ್ಲ. ಕೈಗೆ ಎಕ್ಸ್ ಹಾಕಿ ಒಳಗೆ ಬಿಟ್ಟರು. ಆ ಉಪಾಯವನ್ನೇ ಅವರು ಊರಿಗೆ ತಂದು ಕ್ಲಬ್ಬುಗಳವರ ಮುಂದಿಟ್ಟರು: ಗುರುತು ಹಾಕಿ, ನಾವು ಕುಡಿಯುವುದಿಲ್ಲ, ಹಾಡು ಕೇಳಲು ಮಾತ್ರ ಬಿಡಿ. ಅವರೇ ಶುರುಮಾಡಿದ ಡಿಸ್ಕಾರ್ಡ್ ರೆಕಾರ್ಡ್ಸ್ ಕಂಪನಿಯ ಮೊದಲ ಗಾನತಟ್ಟೆಯ ಹೊದಿಕೆ ಮೇಲೆ ಇರುವುದೂ ಎಕ್ಸ್ ಹಾಕಿದ ಕೈಗಳೇ. ಆ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದ್ದರು. ಪಂಕ್ ಅಂದರೆ ನನಗೆ ಆ ಕತ್ತರಿ, ಆ ಅಂಟು.

ಬಾಗಿಲು ದಾಟಲು ಹಾಕಿಸಿಕೊಂಡ ಗುರುತನ್ನು ಮುಂದೆ ಕುಡಿಯುವ ವಯಸ್ಸು ದಾಟಿದವರೂ, ನಾವು ಕುಡಿಯುವುದಿಲ್ಲ ಎಂದು ಸಾರಲು, ಮನೆಯಲ್ಲೇ ಹಾಕಿಕೊಂಡು ಬರತೊಡಗಿದರು. ಅಲ್ಲಿಂದಲೇ ಕೆಡುಕು ಶುರು. ಬಾಸ್ಟನ್‌ನಲ್ಲಿ ಪಕ್ಕದವನ ಕೈಯ ಬಿಯರ್ ಬಡಿದು ಬೀಳಿಸುವವರೆಗೆ ಹೋಯಿತು. 1980ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಕುಡಿತ ಬೇಡವೆನ್ನುವ ಯೂತ್ ಕ್ರೂ ಎಂಬ ಪಂಕ್ ಬಳಗದ ಹುಡುಗರದ್ದು ಮೋಟು ಕೂದಲು, ಹುಡ್ ಇರುವ ಸ್ವೆಟ್‌ಶರ್ಟ್, ಕಾಲೇಜು ಜಾಕೆಟ್, ಕ್ರೀಡಾ ಬೂಟು, ಎರಡೂ ಕೈಗೆ ಎಕ್ಸ್. ಹಳೆಯ ಪಂಕ್‌ನ ಮೊಳೆ ಬಡಿದ ಚರ್ಮದ ಜಾಕೆಟ್ಟಿನ ಸಮವಸ್ತ್ರ ಬೇಡವೆಂದವರು ಇನ್ನೊಂದು ಸಮವಸ್ತ್ರ ತೊಟ್ಟರು.

ಕುಡಿತ, ಮಾದಕವಸ್ತು ಬೇಡವೆನ್ನುವ ಈ ಪಂಕ್ ನಿಲುವಿಗೆ ಸ್ಟ್ರೇಟ್ ಎಡ್ಜ್ ಎಂದು ಹೆಸರು. ಆ ಹೆಸರಿಗೆ ಕಾರಣವಾದ ಹಾಡು ಬರೆದ ಇಯಾನ್ ಮಕಾಯ್‌ಗೆ ಇದು ಬೇಗ ತಿಳಿಯಿತು. 1983ರಲ್ಲಿ ಅವನ ಬ್ಯಾಂಡ್ ಮೈನರ್ ಥ್ರೆಟ್ ತನ್ನ ಹಾಡೊಂದನ್ನು ಮತ್ತೆ ಧ್ವನಿಮುದ್ರಿಸಿದಾಗ, ಇದು ನಿಯಮಾವಳಿಯಲ್ಲ ಎಂದು ನಡುವೆಯೇ ಮಾತಿನಲ್ಲಿ ಹೇಳಿದ. ಕೇಳಿದವರು ಕಡಿಮೆ. ಹಾಡಿನಲ್ಲಿ ಹೇಳಿದ ಬುದ್ಧಿಮಾತು ಕೂಡ ಕೂಗಿ ಹಾಡುವ ಸಾಲಾಗಿಬಿಡುತ್ತದೆ.

ಅವನ ಆಮೇಲಿನ ಬ್ಯಾಂಡುಗಳಲ್ಲೊಂದಾದ ಫ್ಯುಗಾಜಿ ಹಿಡಿದ ದಾರಿಯೇ ನನಗೆ ಹೆಚ್ಚು ಒಪ್ಪಿಗೆ. ಟಿಕೆಟ್ ಸಾಮಾನ್ಯವಾಗಿ 5 ಡಾಲರ್, ಪ್ರವೇಶ ಎಲ್ಲ ವಯಸ್ಸಿನವರಿಗೂ. ಪಂಕ್ ಅಂದರೆ ಹೀಗೇ ಕುಣಿಯಬೇಕು ಎಂದು ಮೈಮೇಲೆ ಬಿದ್ದು ನೂಕುವವರಿದ್ದರೆ ಹಾಡು ನಿಲ್ಲುತ್ತಿತ್ತು. ಮೊದಲು ಮಾತಿನಲ್ಲಿ ಹೇಳುತ್ತಿದ್ದರು. ಆಗದಿದ್ದರೆ 5 ಡಾಲರ್ ಇಟ್ಟ ಲಕೋಟೆಯನ್ನು ಕೈಗೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು.