ಬೀದರಿನಲ್ಲಿ ಸಿಪಾಯಿಗೆ ಬಣ್ಣ ಹುಡುಕಿದ್ದು

ಕಲಬುರಗಿಯವರು ಬೀದರಿಗೆ ಹೊರಟರೆ ಝರಣಿ ನರಸಿಂಹನಿಗೆ ಇಲ್ಲಾ ನಾನಕ್ ಝೀರಾ ಗುರುದ್ವಾರಕ್ಕೆ ಅಂತ ಲೆಕ್ಕ. ಅದೂ ಅಲ್ಲದಿದ್ದರೆ ಯಾರದೋ ಮದುವೆ ಇರುತ್ತದೆ. ನಾನು ಹೊರಟದ್ದು ಒಬ್ಬ ಸಿಪಾಯಿಯ ಮೈಬಣ್ಣ ಹುಡುಕಲು. ಸಿಪಾಯಿಯ ಎತ್ತರ 54 ಮಿಲಿಮೀಟರ್. ಅವನನ್ನು ಹತ್ತಿಯಲ್ಲಿ ಸುತ್ತಿ, ಔಷಧಿ ಡಬ್ಬಿಯೊಂದರಲ್ಲಿ ಮಲಗಿಸಿ, ಕೈಚೀಲದಲ್ಲಿ ಇಟ್ಟುಕೊಂಡಿದ್ದೆ.

ಆಟಿಕೆ ಸಿಪಾಯಿಗಳನ್ನು ಕೂಡಿಡುವುದು, ಅವಕ್ಕೆ ಬಣ್ಣ ಹಚ್ಚುವುದು ನನ್ನ ಹಳೇ ಹುಚ್ಚು. ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಹಸಿರು ಪ್ಲಾಸ್ಟಿಕ್ ಸಿಪಾಯಿಗಳಿಂದ ಶುರುವಾಯಿತು. ಅದಕ್ಕೂ ಮುಂಚೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಸುಣ್ಣ ಬಳಿದು ಕೈ ಪಳಗಿತ್ತು. ದೊಡ್ಡವನಾದ ಮೇಲೆ ಬಿಡುತ್ತಾನೆ ಅಂತ ಮನೆಯವರು ಅಂದುಕೊಂಡಿದ್ದರು. ನೌಕರಿ ಬಂತು, ಮದುವೆಯಾಯಿತು, ನಿವೃತ್ತಿಯೂ ಆಯಿತು. ಈಗ ಬಿಡು ಅಂತ ಯಾರೂ ಹೇಳುವುದಿಲ್ಲ. ಕಪಾಟಿನ ಧೂಳು ಒರೆಸುವಾಗ ಮಾತ್ರ ಹೆಂಡತಿ ಒಂದೆರಡು ಮಾತು ಆಡುತ್ತಾಳೆ.

54 ಮಿಲಿಮೀಟರ್ ಅನ್ನುವ ಅಳತೆಯನ್ನು ಮನೆಮನೆಗೆ ಮುಟ್ಟಿಸಿದವರು ಲಂಡನ್ನಿನ ಬ್ರಿಟನ್ ಮನೆತನದವರು. ಸುಮಾರು ಐದೂಮುಕ್ಕಾಲು ಅಡಿಯ ಮನುಷ್ಯನನ್ನು 32 ಪಟ್ಟು ಚಿಕ್ಕದು ಮಾಡಿದರೆ ಅಷ್ಟಾಗುತ್ತದೆ. 1893ರಲ್ಲಿ ಅವರು ಸೀಸದ ಸಿಪಾಯಿಯನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯಲು ಶುರು ಮಾಡಿದರು. ಕಾದ ಸೀಸವನ್ನು ಅಚ್ಚಿಗೆ ಸುರಿಯುವುದು, ಹೊರಮೈ ಗಟ್ಟಿಯಾಗುತ್ತಿದ್ದಂತೆ ನಡುವೆ ಉಳಿದ ದ್ರವವನ್ನು ಹೊರಗೆ ಚೆಲ್ಲಿಬಿಡುವುದು. ಲೋಹ ಉಳಿಯಿತು, ಬೆಲೆ ಇಳಿಯಿತು. ಗಟ್ಟಿ ಸಿಪಾಯಿ ಮಾಡುತ್ತಿದ್ದ ಜರ್ಮನಿಯವರ ದರ್ಬಾರಿಗೆ ಪೆಟ್ಟು ಬಿತ್ತು. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ವಸ್ತುವಿನಲ್ಲಿ ಸೀಸ ಇರಬಾರದು ಅಂತ ಕಾನೂನು ಬಿಗಿಯಾದ ಮೇಲೆ, 1966ರಲ್ಲಿ, ಅದೂ ನಿಂತಿತು. ಚರ್ಚಿಲ್ ಹುಡುಗನಾಗಿದ್ದಾಗ ಅವನ ಹತ್ತಿರ ಸುಮಾರು 1500 ಆಟಿಕೆ ಸಿಪಾಯಿಗಳು ಇದ್ದವಂತೆ. ಮುಂದೆ 1896ರಲ್ಲಿ ನಿಜವಾದ ಸಿಪಾಯಿಯಾಗಿ ನಮ್ಮ ಬೆಂಗಳೂರಿಗೇ ಬಂದ.

ನನ್ನ ಕಪಾಟಿನಲ್ಲೂ ಕೆಂಪು ಕೋಟಿನವರೇ ಜಾಸ್ತಿ. ಹೈದರಾಬಾದಿನ ಜುಮ್ಮೆರಾತ್ ಬಜಾರಿನಲ್ಲಿ ಸಿಕ್ಕ ಒಂದು ಕೈ ಮುರಿದ ಸೀಸದವನಿಂದ ಹಿಡಿದು, ಇತ್ತೀಚೆಗೆ ಅಂಚೆಯಲ್ಲಿ ತರಿಸಿಕೊಂಡ ನೆಪೋಲಿಯನ್ ಕಾಲದವರ ತನಕ. ಬ್ರಿಟನ್ ಕಂಪನಿ ಭಾರತದ ಸವಾರರನ್ನೂ ಮಾಡಿತ್ತು, ಆದರೆ ಅವರೂ ಇಂಗ್ಲಿಷರ ಸೈನ್ಯದವರೇ. ಬಹಮನಿ ಸುಲ್ತಾನರ ರಾಜಧಾನಿಯಲ್ಲಿ ಹುಟ್ಟಿ ಬೆಳೆದ ನನ್ನ ಹತ್ತಿರ ಒಬ್ಬನೇ ಒಬ್ಬ ಬಹಮನಿ ಸಿಪಾಯಿ ಇರಲಿಲ್ಲ. ಅಂಗಡಿಯಲ್ಲಿ ಸಿಗದಿದ್ದರೆ ಏನಂತೆ, ತಂತಿ ಬಗ್ಗಿಸಿ ಮೇಲೆ ಎಂ-ಸೀಲ್ ಮೆತ್ತಿ ನಾನೇ ಒಬ್ಬನನ್ನು ಮಾಡಿದೆ. ಮಾಡಿ ಬೂದು ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚಿನ ಮೊದಲ ಲೇಪ, ಹೊಡೆದ ಮೇಲೆ ಕೈ ನಿಂತಿತು. ಮುಂದೆ ಯಾವ ಬಣ್ಣ?

ಅದಕ್ಕೇ ಬೀದರ್. ಜೊತೆಗೆ ಅಕ್ಕನ ಮಗ, ಇಂಜಿನಿಯರಿಂಗ್ ಓದುವ ಹುಡುಗ.

2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ತೆರೆದ ಮೇಲೆ ಈ ಪ್ರಯಾಣ ಸುಖವಾಗಿದೆ. ಕಿಟಕಿ ಪಕ್ಕ ಕೂತು ಸುಸಲಾ ತಿನ್ನುತ್ತ ಹೋಗಬಹುದು. ಕಮಲಾಪುರದ ತನಕ ಕಪ್ಪು ಎರೆ, ತೊಗರಿ ಹೊಲ. ಮರಗುತ್ತಿ ಹತ್ತಿರ ಸುರಂಗ ಬರುತ್ತದೆ. ಹುಮನಾಬಾದ್ ದಾಟಿ ಬೀದರ್ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ. ಇದನ್ನು ಮೊದಲೂ ನೋಡಿದ್ದೆ, ಆದರೆ ಈ ಸಲ ಸಿಪಾಯಿ ನಿಲ್ಲುವ ಪೀಠಕ್ಕೆ ಯಾವ ಮಣ್ಣು ಅಂತ ನೋಡುತ್ತ ಬಂದೆ. ಈ ಹವ್ಯಾಸದವರ ಚಾಳಿಯೇ ಅದು. ಕಣ್ಣಿಗೆ ಬಿದ್ದದ್ದನ್ನೆಲ್ಲ 32ರಿಂದ ಭಾಗಿಸುವುದು. ನಮ್ಮ ಕಲಬುರಗಿ ಕೋಟೆಯ ಬಾರಾ ಗಜ್ ತೋಪು 29 ಅಡಿ ಉದ್ದ ಇದೆ. ನನ್ನ ಲೆಕ್ಕದಲ್ಲಿ ಅದು 28 ಸೆಂಟಿಮೀಟರ್, ಕಪಾಟಿನ ಎರಡನೇ ಅಂಕಣದಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತದೆ.

"ಮಾಮಾ, ನೀ ಊರೆಲ್ಲಾ ಕಪಾಟಿನ್ಯಾಗ ಹಾಕ್ಲಾಕತ್ತಿ ನೋಡು" ಅಂದ ಅಳಿಯ.

ಬೀದರ್ ಕೋಟೆಯ ಬಾಗಿಲಿಗೆ ಬಂದಾಗ ಬಿಸಿಲು ಚುರುಕಾಗಿತ್ತು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಎದ್ದ ಕೋಟೆ ಇದು. 1430ರ ಆಸುಪಾಸಿನದು. ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಹುಲಿಗಳನ್ನು ಎಲ್ಲರೂ ಫೋಟೋ ಹೊಡೆದುಕೊಳ್ಳುತ್ತಾರೆ. ನನಗೆ ಅದಕ್ಕಿಂತ ಕಂದಕ ಮುಖ್ಯ ಅನ್ನಿಸಿತು. ಊರ ಕಡೆಗೆ ಮೂರು ಕಂದಕಗಳು ಒಂದರ ಪಕ್ಕ ಒಂದು ಇವೆ. ನಡುವಿನ ಗೋಡೆಗಳನ್ನು ಕಟ್ಟಿದ್ದಲ್ಲ, ಕೆಂಪು ಜಂಬಿಟ್ಟಿಗೆ ಬಂಡೆಯನ್ನು ಕಡಿಯುವಾಗ ಹಾಗೇ ಬಿಟ್ಟದ್ದು. ಒಂದನ್ನು ದಾಟಿ ಬಂದವನು ಎರಡನೆಯದಕ್ಕೆ ಬೀಳಬೇಕು. ಇದರೊಳಗೆ ಇಳಿದು ಹತ್ತುವ ಸಿಪಾಯಿ ಮೊದಲು ಏನಾಗುತ್ತಾನೆ? ಕೆಂಪಾಗುತ್ತಾನೆ. ಇದು ಆಗ ಹೊಳೆಯಲಿಲ್ಲ, ಆಮೇಲೆ ಒಬ್ಬರು ಹೇಳಿಕೊಟ್ಟರು.

ಬುರುಜುಗಳ ಮೇಲಿನ ತೋಪುಗಳನ್ನು ನೋಡಿದೆವು. ಕೆಲವು ತೋಪುಗಳ ಮೈಯಲ್ಲಿ, ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ಮೇಲೆ ಕಾದ ಬಳೆ ತೊಡಿಸಿ ಬಿಗಿದದ್ದು ಚೆನ್ನಾಗಿ ಕಾಣುತ್ತದೆ. ಅಳಿಯ ಬಳೆಗಳ ಸಂದಿಯಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ನಿಂತ. ಇಲ್ಲಿನ ಮದ್ದು ಗುಂಡು ಕಾಯ್ದವರನ್ನೇ ಸುಟ್ಟ ಕಥೆಯನ್ನು ಅವನಿಗೆ ಹೇಳಿದೆ. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದಾಗ ಕಿಲ್ಲೇದಾರನಾಗಿದ್ದವನು ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದ ವಯಸ್ಸಾದ ಹಬ್ಶಿ. ಸಂಗ್ರಹಿಸಿಟ್ಟ ಮದ್ದಿಗೆ ಕಿಡಿ ಬಿದ್ದು ಅವನೂ ಅವನ ಮಕ್ಕಳೂ ಸುಟ್ಟುಹೋದರು. ಕೋಟೆ ಕೈಬಿಟ್ಟಿತು.

ರಂಗೀನ್ ಮಹಲಿನ ಬೀಗ ತೆಗೆಸಿಕೊಂಡು ಒಳಗೆ ಹೋದೆವು. ಕಡುಗಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ತುಣುಕು ಕೂರಿಸಿದ ಕುಸುರಿ, ಕೆತ್ತಿದ ಮರದ ಕಂಬ. ಚಂದ, ನಿಜ. ಆದರೆ ಇದೆಲ್ಲ ಅರಮನೆಯವರ ಬಣ್ಣ. ನನ್ನವನು ಈ ಕಡೆ ಕಾಲಿಟ್ಟಿರಲಾರ.

ನನ್ನವನು ಯಾರು ಅಂತ ಹೇಳುವುದು ಉಳಿಯಿತು. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಬೀದರಿಗೆ ಬಂದಿದ್ದ. ಒಂದು ಕುದುರೆ ತಂದಿದ್ದ, ಅದನ್ನು ಇಲ್ಲೇ ಮಾರಿದ. ಕಂಡದ್ದನ್ನೆಲ್ಲ ಬರೆದಿಟ್ಟ. ಉಕ್ಕಿನ ಕವಚ ತೊಟ್ಟ ಆನೆಗಳು, ದಂತಕ್ಕೆ ಕಟ್ಟಿದ ಕತ್ತಿಗಳು, ಬೆನ್ನ ಮೇಲಿನ ಗೂಡಿನಲ್ಲಿ ಬಂದೂಕು ಬಿಲ್ಲು ಹಿಡಿದವರು, ಕವಚ ತೊಟ್ಟು ಕುದುರೆ ಏರಿದ ಖೊರಾಸಾನದವರು. ಎಲ್ಲರೂ ಆ ಆನೆಯ ಮಾತನ್ನೇ ಎತ್ತುತ್ತಾರೆ. ನಾನು ಹಿಡಿದುಕೊಂಡದ್ದು ಅವನ ಇನ್ನೊಂದು ಮಾತನ್ನು. ಈ ನಾಡಿನವರು ಕಾಲ್ನಡಿಗೆಯಲ್ಲಿ, ಬರಿಮೈ ಬರಿಗಾಲಲ್ಲಿ, ಒಂದು ಕೈಯಲ್ಲಿ ಗುರಾಣಿ ಇನ್ನೊಂದರಲ್ಲಿ ಕತ್ತಿ ಹಿಡಿದು ಬಿರುಸಾಗಿ ನಡೆಯುತ್ತಾರೆ ಅಂತ ಬರೆದಿದ್ದಾನೆ.

ಅಂದರೆ ಸಮವಸ್ತ್ರವೇ ಇಲ್ಲ! ಕೆಂಪು ಕೋಟಿಲ್ಲ, ಹಿತ್ತಾಳೆ ಗುಂಡಿ ಇಲ್ಲ, ಬಿಳಿ ಪಟ್ಟಿ ಇಲ್ಲ. ಬಣ್ಣ ಹಚ್ಚುವವನಿಗೆ ಉಳಿಯುವುದು ಮೈ ಮಾತ್ರ. ಆ ಮೈಯೇ ಕಷ್ಟ. ಮೈಬಣ್ಣ ಅಂತ ವಿದೇಶದಿಂದ ಬರುವ ಹಳೇ ಡಬ್ಬಿ ತೆರೆದರೆ ಗುಲಾಬಿ ಇರುತ್ತದೆ. ಇಷ್ಟು ವರ್ಷ ಅದನ್ನೇ ಹಚ್ಚಿ ಬಿಳಿಯರ ಮುಖ ಚೆನ್ನಾಗಿ ಮಾಡಲು ಕಲಿತಿದ್ದೇನೆ. ಕಣ್ಣಿನ ಗುಳಿಗೆ ನೆರಳು, ಮೂಗಿನ ತುದಿಗೆ ಬೆಳಕು. ಆ ಗುಲಾಬಿಗೆ ಕಂದು ಬೆರೆಸಿದರೆ ನಮ್ಮವರ ಮೈ ಆಗುವುದಿಲ್ಲ, ಪ್ಲಾಸ್ಟಿಕ್ ಆಗುತ್ತದೆ. ಮೈಯ ಬೆಳಕಿಗೆ ಬಿಳಿ ಬೆರೆಸಿದರಂತೂ ಬೂದಿ ಬಳಿದುಕೊಂಡ ಬೈರಾಗಿ.

ಹಾಗಾಗಿ ಮನುಷ್ಯರನ್ನು ನೋಡುತ್ತಿದ್ದೆ. ಸೋಲಾ ಖಂಬಾ ಮಸೀದಿಯ ಆಚೆ ಹುಲ್ಲು ಕೀಳುವ ಆಳುಗಳು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ. ನಾನು ಅವರ ತೋಳು ನೋಡುವುದನ್ನು ಅಜ್ಜಿಯೊಬ್ಬಳು ಗಮನಿಸಿದಳು.

"ಏನ್ ನೋಡ್ಲಾಕತ್ತೀರಿ ಸಾಹೇಬ್ರ? ರೊಟ್ಟಿ ಬೇಕೇನ್ರಿ?"

ಸಂಕೋಚವಾಯಿತು. ಡಬ್ಬಿ ತೆಗೆದು ಸಿಪಾಯಿಯನ್ನು ತೋರಿಸಿದೆ. ಕೈಯಿಂದ ಕೈಗೆ ಹೋದ. ಹೆಂಗಸರು ನಕ್ಕರು. ಕಡೆಗೆ ಬಂದದ್ದು ವಯಸ್ಸಾದ ಒಬ್ಬರ ಕೈಗೆ. ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಇಸಿದುಕೊಂಡರು.

"ಇವ ಚಪ್ಪಲ್ ಹಾಕಿಲ್ಲಲ್ರೀ?"

"ಇಲ್ಲ ಕಾಕಾ. ಆಗ ಇವರೆಲ್ಲಾ ಬರಿಗಾಲಿಲೇ ನಡೀತಿದ್ರಂತ."

"ಹಂಗಾದ್ರ ಕಾಲಿಗಿ ಬ್ಯಾರೆ ಬಣ್ಣ ಹಚ್ಚ್ರಿ. ಮೊಣಕಾಲ ತನಕ ಕೆಂಪು ಧೂಳ ಹತ್ತತದ ಇಲ್ಲಿ." ಅಂತ ಹೇಳಿ ತಮ್ಮ ಕಾಲನ್ನೇ ಮುಂದೆ ಚಾಚಿದರು.

ನೋಡಿದೆ. ಪಾದದ ಮೇಲೆ ಧೂಳು ದಪ್ಪ. ಹಿಮ್ಮಡಿಯ ಬಿರುಕಿನಲ್ಲಿ ಇನ್ನೂ ಗಾಢ, ಹೆಚ್ಚುಕಡಿಮೆ ಇಟ್ಟಿಗೆ ಬಣ್ಣ. ಮೀನಖಂಡದ ಮೇಲೆ ಬೆವರು ಇಳಿದ ಕಡೆ ಮಾತ್ರ ಗೆರೆ ಗೆರೆಯಾಗಿ ಮೈಬಣ್ಣ. ತೋಳಿನ ಹೊರಗೆ ಕಪ್ಪು, ಒಳಗೆ ಗೋಧಿ. ಭುಜದ ಮೇಲೆ ಬಿಸಿಲು ಬಿದ್ದ ಜಾಗ ಬಿಳಿ ಅಲ್ಲವೇ ಅಲ್ಲ, ಹಳದಿ ಬೆರೆತ ಕಾವಿ. ಅಲ್ಲೇ ಕೂತು ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಫೋಟೋ ತೆಗಿ ಮಾಮಾ ಅಂದ ಅಳಿಯ. ಮೊಬೈಲ್ ಕ್ಯಾಮೆರಾ ಮೈಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ, ಅದನ್ನು ನಂಬಿ ಕೂರಲು ಆಗುವುದಿಲ್ಲ.

ಊರೊಳಗೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರದು. ಎರಡು ಮಿನಾರಿನಲ್ಲಿ ಒಂದು ಉಳಿದಿದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಸೈನಿಕರನ್ನೂ ಮದ್ದನ್ನೂ ತುಂಬಿದ್ದರು, 1696ರ ಸ್ಫೋಟದಲ್ಲಿ ಒಂದು ಭಾಗವೇ ಹಾರಿಹೋಯಿತು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟವರಿಗೆ ಏನನ್ನಬೇಕೋ ತಿಳಿಯದು. ಉಳಿದ ಹೆಂಚುಗಳ ನೀಲಿಯನ್ನು ಮುಂದೆ ಮಾಡಬೇಕಾದ ಕುದುರೆ ಸವಾರನಿಗೆ ಅಂತ ಗುರುತು ಹಾಕಿಕೊಂಡೆ.

ಊರ ನಡುವಿನ ಚೌಬಾರ ಗೋಪುರದ ಸುತ್ತಲ ಗಲ್ಲಿಗಳಲ್ಲಿ ಬಿದ್ರಿ ಕೆಲಸದವರಿದ್ದಾರೆ. ಎರಕ ಅಂದರೆ ನನಗೆ ಪ್ರಾಣ, ಹಾಗಾಗಿ ಒಂದು ಅಂಗಡಿಯ ಒಳಗೆ ಕೂತುಬಿಟ್ಟೆ. ಇವರ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ. ಅದು ಕೊನೆಯ ಕಪ್ಪಲ್ಲ, ಗೀಚಿದ ಗೆರೆ ಕಣ್ಣಿಗೆ ಕಾಣಲಿ ಅಂತ ಅಷ್ಟೇ. ನಾವು ಪ್ರೈಮರ್ ಹೊಡೆಯುವುದೂ ಅದಕ್ಕೇ ಅಲ್ವಾ? ಸಣ್ಣ ಉಳಿಯಿಂದ ಗೆರೆ ತೋಡಿ, ಬೆಳ್ಳಿ ತಂತಿಯನ್ನು ಇಟ್ಟು ಕುಟ್ಟಿ ಕೂರಿಸಿ, ಮತ್ತೆ ಉಜ್ಜಿದರೆ ಕಪ್ಪೆಲ್ಲ ಹೋಗಿ ಬೆಳ್ಳಿ ಎಲ್ಲಿ, ಸತು ಎಲ್ಲಿ ಗೊತ್ತಾಗದು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು. ಬಿಸಿ ಮಾಡಿದ ಪಾತ್ರೆಗೆ ಅದನ್ನು ಸವರುತ್ತಿದ್ದಂತೆ ಸತು ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು. ತೊಳೆದು ಎಣ್ಣೆ ಒರೆಸಿದರು.

"ಎಲ್ಲಾ ಮಣ್ಣು ನಡೆಯಲ್ಲ ಸಾಬ್" ಅಂದರು ಕೆಲಸದ ಹಿರಿಯರು. "ಮಳೆ ಬಿಸಿಲು ಕಾಣದ ಜಾಗದ್ದೇ ಬೇಕು. ನಾಲಿಗಿ ಮ್ಯಾಲ ಇಟ್ಟು ನೋಡಿ ತಗೋತೀವಿ."

ನನ್ನ ಸಿಪಾಯಿಯ ಗುರಾಣಿಗೆ ಬಿದ್ರಿ ಕಪ್ಪು, ಮೇಲೆ ಬೆಳ್ಳಿ ಬಳ್ಳಿ ಮಾಡಿದರೆ ಹೇಗೆ ಅಂತ ಆಸೆಯಾಯಿತು. ಆಮೇಲೆ ಬಿಟ್ಟೆ. ಚಪ್ಪಲಿಯೇ ಇಲ್ಲದವನ ಗುರಾಣಿಗೆ ಬೆಳ್ಳಿ ಎಲ್ಲಿಂದ ಬರಬೇಕು? ತೊಗಲಿನ ಬಣ್ಣವೇ ಸರಿ.

ಮರುದಿನ ಬೆಳಿಗ್ಗೆ ಅಷ್ಟೂರು. ಅಹ್ಮದ್ ಶಾ ವಲಿಯ ಗುಂಬಜದ ಒಳಗೆ ಕತ್ತಲು. ಕಾವಲಿನವನು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ಹಾಯಿಸಿದಾಗ ಗೋಡೆ ತುಂಬ ಕುಂಕುಮಗೆಂಪು, ನೀಲಿ, ಚಿನ್ನ. ಪಕ್ಕದಲ್ಲೇ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಶಾನ ಗುಂಬಜ 1882ರಲ್ಲಿ ಸಿಡಿಲು ಬಡಿದು ಸೀಳಿ ನಿಂತಿದೆ. ಗೋಡೆ ಎಷ್ಟು ದಪ್ಪ ಕಟ್ಟುತ್ತಿದ್ದರು ಅಂತ ಆ ಸೀಳಿನಲ್ಲಿ ಸಲೀಸಾಗಿ ಕಾಣುತ್ತದೆ. ಸವಾರನ ಕುದುರೆಗೆ ಹೊದಿಸುವ ಬಟ್ಟೆಯ ಬಣ್ಣಗಳು ಇಲ್ಲಿ ಸಿಕ್ಕವು. ವಾಪಸ್ ಬರುವಾಗ ರಸ್ತೆ ಬದಿಯಿಂದ ಒಂದು ಚಿಟಿಕೆ ಕೆಂಪು ಧೂಳು ಕಟ್ಟಿಕೊಂಡೆ.

ಮನೆಗೆ ಬಂದು ಕಂದು, ಹಳದಿ ಕಾವಿ, ಚೂರು ನೀಲಿ ಬೆರೆಸಿ ಮೈ ಮಾಡಿದೆ. ಬಿಳಿ ಮುಟ್ಟಲಿಲ್ಲ. ಧೂಳನ್ನು ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು, ಹೊಳಪಿಲ್ಲದ ವಾರ್ನಿಷ್‌ನಲ್ಲಿ ಕಲಸಿ, ಸೊನ್ನೆ ನಂಬರ್ ಕುಂಚದಿಂದ ಪಾದದಿಂದ ಮೊಣಕಾಲಿನ ತನಕ ತೆಳ್ಳಗೆ ಎಳೆದೆ. ಬೆವರಿನ ಗೆರೆಗೆ ಒದ್ದೆ ಕುಂಚ ಸವರಿ ಧೂಳು ತೆಗೆದೆ. ಕೆಂಪು ಕೋಟಿನವರ ಸಾಲಿನ ಮುಂದೆ ನಿಲ್ಲಿಸಿದರೆ ಅವರೆಲ್ಲ ಈಗಷ್ಟೇ ಇಸ್ತ್ರಿ ಮಾಡಿಸಿಕೊಂಡು ಬಂದವರಂತೆ ಕಾಣುತ್ತಾರೆ.

ಇನ್ನು ಆನೆ. 32ನೇ ಒಂದು ಅಳತೆಯಲ್ಲಿ ಅದರ ಭುಜದ ಎತ್ತರವೇ 9 ಸೆಂಟಿಮೀಟರ್ ಆಗುತ್ತದೆ. ಒಳಗೆ ಥರ್ಮೋಕೋಲ್ ತುಂಬಿದರೆ ಎಂ-ಸೀಲ್ ಉಳಿಯುತ್ತದೆ ಅನ್ನುತ್ತಾನೆ ಅಳಿಯ. ಕೈಯಲ್ಲಿ ಎತ್ತಿದರೆ ಆನೆ ಅನ್ನಿಸಬೇಕಲ್ಲೋ, ಹತ್ತಿ ಅನ್ನಿಸಬಾರದು ಅಂತ ನನ್ನ ವಾದ. ಅದು ತೀರುವ ತನಕ ದಂತದ ಕತ್ತಿಗೆ ಅಂತ ಒಂದು ಶೇವಿಂಗ್ ಬ್ಲೇಡ್ ಕತ್ತರಿಸಿ ಇಟ್ಟಿದ್ದೇನೆ.