ಹಾಲಿ ಬೇಲಿಯ ಮುಂದೆ ಒಂದು ಬೆಳಗ್ಗೆ

ಬೇಲಿಯಲ್ಲಿ ಐದು ಹಾಲಿ (holly, ಕ್ರಿಸ್‌ಮಸ್ ಅಲಂಕಾರಕ್ಕೆ ಬಳಸುವ ಮುಳ್ಳೆಲೆಯ ಗಿಡ) ಗಿಡ, ಆಳೆತ್ತರ ಬೆಳೆದು ಎಲೆ ಮಿರಿಮಿರಿ ಮಿನುಗುತ್ತಿದೆ. ಪ್ರತಿ ವಸಂತದಲ್ಲೂ ಹೂ ಬಿಡುತ್ತದೆ, ಕೆಂಪು ಹಣ್ಣು ಮಾತ್ರ ಒಂದೂ ಕಚ್ಚುವುದಿಲ್ಲ. ಇಂಥ ಕಡೆ ಮೊದಲು ಹೊರಬರುವುದು ಗೊಬ್ಬರದ ಚೀಲ. ಬೇಕಿದ್ದದ್ದು ಭೂತಗನ್ನಡಿ. ಹಾಲಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ; ಹಣ್ಣು ಬಿಡುವುದು ಹೆಣ್ಣು, ಅದೂ ಗಂಡಿನ ಪರಾಗ ಸಿಕ್ಕಿದರೆ.

ಹೂ ಬಿಳಿ, ನಾಲ್ಕು ಎಸಳು, ಅಗಲ ಒಂದು ಸೆಂಟಿಮೀಟರಿಗೂ ಕಡಿಮೆ. ಭೂತಗನ್ನಡಿ ಹಿಡಿದಾಗ ನಟ್ಟನಡುವೆ ಪುಟ್ಟ ಬಟಾಣಿಯಂಥ ಹಸಿರು ಗುಂಡು ಕಂಡರೆ ಅದು ಹೆಣ್ಣು. ಅದರ ಸುತ್ತಲೂ ನಾಲ್ಕು ಕೇಸರ ಇರುತ್ತವೆ, ಮೋಸ ಹೋಗುವುದು ಇಲ್ಲೇ. ಅವು ಬರಡು, ಬೆರಳಿಗೆ ಪುಡಿ ಹತ್ತುವುದಿಲ್ಲ. ಗಂಡು ಹೂವಿನಲ್ಲಿ ಆ ಗುಂಡು ಇಲ್ಲವೆನ್ನುವಷ್ಟು ಚಿಕ್ಕದು, ಕೇಸರ ಮುಟ್ಟಿದರೆ ಹಳದಿ ಪರಾಗ ಅಂಟುತ್ತದೆ.

ಐದೂ ಹೆಣ್ಣು! ಕಾರಣ ಸರಳ. ಐದೂ ಒಂದೇ ಗಿಡದಿಂದ ಕತ್ತರಿಸಿ ನೆಟ್ಟ ಕಡ್ಡಿಗಳು. ತಾಯಿ ಗಿಡದ ಲಿಂಗವೇ ಎಲ್ಲಕ್ಕೂ. ಹಣ್ಣು ತುಂಬಿದ ಗಿಡ ನೋಡಿ ಆಸೆಯಿಂದ ಕಡ್ಡಿ ತಂದವರಿಗೆ ಆಗುವುದೇ ಇದು. ತಳಿಯ ಹೆಸರನ್ನೂ ನಂಬಬೇಡಿ: 'ಗೋಲ್ಡನ್ ಕಿಂಗ್' ಹೆಣ್ಣು, 'ಸಿಲ್ವರ್ ಕ್ವೀನ್' ಗಂಡು. ಹೆಸರಿಟ್ಟವರು ಹೂವಿನೊಳಗೆ ಇಣುಕಿರಲಿಲ್ಲವೇನೋ.

ಐದಕ್ಕೂ ಒಂದು ಗಂಡು ಗಿಡ ಸಾಕು, ಆದರೆ ಅದೂ ಅದೇ ಹೊತ್ತಿಗೆ ಹೂ ಬಿಡಬೇಕು. ನೆಟ್ಟ ಗಂಡು ಗಿಡ ಹೂವಿಗೆ ಬರಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಒಂದು ಉಪಾಯವಿದೆ. ಬೇರೆಲ್ಲಾದರೂ ಗಂಡು ಗಿಡವಿದ್ದರೆ ಅರ್ಧ ಮೊಗ್ಗು, ಅರ್ಧ ಹೂ ಇರುವ ನಾಲ್ಕೈದು ಕೊಂಬೆ ತಂದು, ನೀರು ತುಂಬಿದ ಬಕೆಟ್‌ನಲ್ಲಿ ಬೇಲಿಯ ಬುಡಕ್ಕೆ ಇಡಿ. ಉಳಿದದ್ದು ಜೇನ್ನೊಣಗಳ ಕೆಲಸ. ಮಳೆ, ಚಳಿ ಹಿಡಿದರೆ ಅವು ಹಾರುವುದಿಲ್ಲ, ಆ ವರ್ಷ ಹಣ್ಣೂ ಕಡಿಮೆ.

ಹೆಣ್ಣೂ ಇದೆ, ಗಂಡೂ ಇದೆ, ಆದರೂ ಹಣ್ಣಿಲ್ಲ ಎಂದರೆ ಅನುಮಾನ ಕತ್ತರಿಯ ಮೇಲೆ. ಹಾಲಿ ಹೂ ಬಿಡುವುದು ಹಿಂದಿನ ವರ್ಷದ ರೆಂಬೆಯಲ್ಲಿ. ಚಳಿಗಾಲದಲ್ಲಿ ಬೇಲಿಯನ್ನು ಚೊಕ್ಕಟವಾಗಿ ಸವರಿದರೆ ಬರುವ ಹೂವೆಲ್ಲ ಕಸದ ರಾಶಿಗೆ ಹೋಯಿತೆಂದೇ ಲೆಕ್ಕ.

ಬೇಲಿಗೆ ನೆಡುವ ಇನ್ನೊಂದು ಹಣ್ಣಿನ ಮುಳ್ಳುಗಿಡ ಪೈರಕ್ಯಾಂತದಲ್ಲಿ ಗಂಡು ಹೆಣ್ಣಿನ ತಕರಾರಿಲ್ಲ, ಹಳೇ ರೆಂಬೆಯ ನಿಯಮ ಮಾತ್ರ ಅದೇ. ಹೂ ಉದುರಿ ಹಸಿರು ಕಾಯಿಗೊಂಚಲು ಕಾಣಿಸಿಕೊಂಡ ಮೇಲೆ, ಗೊಂಚಲಿನಾಚೆ ಎರಡು ಮೂರು ಎಲೆ ಉಳಿಸಿ ಹೊಸ ಚಿಗುರನ್ನಷ್ಟೇ ಕತ್ತರಿಸಿ. ದಪ್ಪ ಚರ್ಮದ ಕೈಗವಸು ಇರಲಿ. ಇದರ ಮುಳ್ಳು ಬಟ್ಟೆಯ ಗವಸನ್ನು ಲೆಕ್ಕಕ್ಕೇ ಇಡುವುದಿಲ್ಲ.