ಬರ್ಲಿಂಗನ್‌ನ ಕಿಟಕಿ ಪಕ್ಕದ ಮೇಜು

ಸೋಮವಾರದಿಂದ ಶುಕ್ರವಾರದವರೆಗೆ ಆಫೀಸು. ಶನಿವಾರ ಬಟ್ಟೆ ಒಗೆಯುವುದು, ದಿನಸಿ ತರುವುದು. ನನ್ನ ಬಣ್ಣದ ಡಬ್ಬಿ ಹೊರಗೆ ಬರುವುದು ಭಾನುವಾರ ಮಾತ್ರ. ಚಿತ್ರ ಬರೆಯುವುದನ್ನು ನಾನು ಯಾರ ಹತ್ತಿರವೂ ಕಲಿತವಳಲ್ಲ. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ಗೆ ಬಂದ ಮೇಲೆ ಸುಮ್ನೆ ಶುರು ಮಾಡಿದ್ದು, ಈಗ ಬಿಡಲು ಆಗುತ್ತಿಲ್ಲ.

ಹೋದ ಚಳಿಗಾಲ ಇಟ್ಟಿಂಗನ್‌ಗೆ ಹೋಗಿದ್ದೆ. ಅಲ್ಲಿ ಸನ್ಯಾಸಿಗಳ ಹಳೆಯ ಮಠವೊಂದರಲ್ಲಿ ಟೂರ್‌ಗೌ ಪ್ರಾಂತ್ಯದ ಕಲಾ ಮ್ಯೂಸಿಯಂ ಇದೆ. ಒಂದು ಚಿತ್ರದ ಮುಂದೆ ನನ್ನ ಕಾಲು ನಿಂತೇ ಬಿಟ್ಟಿತು. ಚಳಿಗಾಲದ ಸಂಜೆ, ಅಲುಗಾಡದ ಸರೋವರ, ದಡದಲ್ಲಿ ಎಲೆ ಉದುರಿದ ಮರಗಳು. ಆಕಾಶದ ಬುಡದಲ್ಲಿ ಕಿತ್ತಳೆ, ಅದರ ಮೇಲೆ ಹಳದಿ, ಆಮೇಲೆ ನೀಲಿ. ಹತ್ತಿರ ಹೋಗಿ ನೋಡಿದೆ. ಒಂದು ಕೊಂಬೆಯ ತುದಿಯನ್ನೂ ಬಿಟ್ಟಿರಲಿಲ್ಲ. ಆಚೆ ದಡದ ಮನೆಗೂ ಈಚೆ ದಡದ ಹುಲ್ಲಿಗೂ ಒಂದೇ ಮರ್ಯಾದೆ. ಕೆಳಗಿದ್ದ ಹೆಸರು ಅಡಾಲ್ಫ್ ಡೀಟ್ರಿಶ್.

ಮನೆಗೆ ಬಂದು ಅವರ ಬಗ್ಗೆ ಓದಿದೆ. 1877ರಲ್ಲಿ ಬರ್ಲಿಂಗನ್ ಎಂಬ ಊರಿನ ಬಡ ರೈತರ ಮನೆಯಲ್ಲಿ ಹುಟ್ಟಿದವರು. ಹುಡುಗನ ಕೈ ನೋಡಿ ಮೇಷ್ಟ್ರು ಕಲ್ಲಚ್ಚಿನ ಕೆಲಸಕ್ಕೆ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಕೆಲಸಕ್ಕೆ, ಕಳಿಸಿ ಅಂದರಂತೆ. ಆದರೆ ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಹೊಲದ ಕೆಲಸ, ಹೆಣಿಗೆ ಯಂತ್ರದ ಕೆಲಸ, ಕಾಡಿನಲ್ಲಿ ಕೂಲಿ ಎಲ್ಲ ಮಾಡಿದರು. ಚಿತ್ರಕ್ಕೆ ಉಳಿದದ್ದು ಭಾನುವಾರ. ಈ ಸಾಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ.

ಅವರ ಮನೆಯನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ತೆರೆಯುವುದು ಬೇಸಿಗೆಯಲ್ಲಿ, ಅದೂ ವಾರದ ಕೊನೆಯ ಎರಡು ಮಧ್ಯಾಹ್ನ. ಹಾಗಾಗಿ ಸೆಪ್ಟೆಂಬರ್‌ನ ಒಂದು ಭಾನುವಾರ ಹೊರಟೆ. ಸ್ಟೈನ್ ಆಮ್ ರೈನ್‌ನಲ್ಲಿ ರೈಲು ಬದಲಾಯಿಸಿದ ಮೇಲೆ ಹಳಿ ದಡದ ಜೊತೆಗೇ ಸಾಗುತ್ತದೆ. ಎಡಕ್ಕೆ ಉಂಟರ್‌ಸೇ, ಅಂದರೆ ಕಾನ್ಸ್ಟನ್ಸ್ ಸರೋವರದ ಕೆಳ ಭಾಗ. ಆಚೆ ದಡ ಜರ್ಮನಿ. ಮಾಮ್ಮರ್ನ್, ಸ್ಟೆಕ್‌ಬೋರ್ನ್, ಆಮೇಲೆ ಬರ್ಲಿಂಗನ್. ಇಳಿದವಳು ನಾನೊಬ್ಬಳೇ. ಹಿಂದೆ ಗುಡ್ಡ, ಮುಂದೆ ನೀರು, ನಡುವೆ ಒತ್ತೊತ್ತಾಗಿ ಊರು.

ಮನೆ ಚಿಕ್ಕದು, ಸೂರು ತಗ್ಗು. ಟಿಕೆಟ್ ಕೊಡಲು ವಯಸ್ಸಾದ ಒಬ್ಬ ಹೆಂಗಸು ಕೂತಿದ್ದರು. "ಗ್ರ್ಯೂಟ್ಸಿ" ಅಂದೆ, ಇಲ್ಲಿಯವರ ನಮಸ್ಕಾರ. ಅವರೂ ಅಂದು, ಒಳಗೆ ಹೋಗಿ ಎಂದು ಕೈ ತೋರಿಸಿದರು.

ಡೀಟ್ರಿಶ್ ಚಿತ್ರ ಬರೆಯುತ್ತಿದ್ದ ಕೋಣೆಯನ್ನು ನಾನು ದೊಡ್ಡ ಸ್ಟುಡಿಯೋ ಅಂದುಕೊಂಡಿದ್ದೆ. ಅಲ್ಲ. ಮನೆಯವರು ಕೂರುವ ಕೋಣೆ, ಕಿಟಕಿ, ಕಿಟಕಿಗೆ ಹತ್ತಿರ ಒಂದು ಮೇಜು, ಅಷ್ಟೇ. ಜೀವನಪೂರ್ತಿ ಇದೇ ಮನೆಯಲ್ಲಿದ್ದರು, ಮದುವೆಯಾಗಲಿಲ್ಲ. ಈಸೆಲ್ ಮುಂದೆ ನಿಂತು ಬರೆದವರಲ್ಲ, ಮೇಜಿಗೆ ಬಾಗಿ ರಟ್ಟಿನ ಮೇಲೆ, ಮರದ ಹಲಗೆ ಮೇಲೆ ಬರೆದವರು. 1937ರಲ್ಲಿ ಪ್ಯಾರಿಸ್‌ನಲ್ಲಿ, ಮರುವರ್ಷ ನ್ಯೂಯಾರ್ಕ್‌ನಲ್ಲಿ ಅವರ ಚಿತ್ರಗಳನ್ನು ತೂಗುಹಾಕಿದರು. ಹೆಸರು ಬಂದ ಮೇಲೂ ಮೇಜು ಬದಲಾಗಲಿಲ್ಲ. ಎದುರಿನ ಮನೆಯ ತೋಟವನ್ನೇ ಮತ್ತೆ ಮತ್ತೆ ಬರೆದರು. ಒಂದೇ ಚಿತ್ರವನ್ನು ಕೇಳಿದವರಿಗೆಲ್ಲ ಮತ್ತೊಮ್ಮೆ ಬರೆದು ಕೊಟ್ಟದ್ದೂ ಉಂಟು. ಕೆಲವರು ಅದನ್ನು ಕೊರತೆ ಅನ್ನಬಹುದು. ನನಗೆ ಹಾಗನಿಸುವುದಿಲ್ಲ. ಬೇಲಿಯ ಒಂದೊಂದು ಪಟ್ಟಿಯನ್ನೂ ಅಷ್ಟು ಪ್ರೀತಿಯಿಂದ ಬರೆದವರಿಗೆ ಎರಡನೇ ಸಲ ಬೇಸರವಾಗಿರಲು ಸಾಧ್ಯವೇ ಇಲ್ಲ.

ನಾನು ಮೇಜಿನ ಹತ್ತಿರವೇ ನಿಂತಿದ್ದೆ. ಆ ಹೆಂಗಸು ಬಂದು ಕೇಳಿದರು, "ನೀವೂ ಬರೀತೀರಾ?"

"ಭಾನುವಾರ ಮಾತ್ರ" ಅಂದೆ.

ಅವರು ಒಂದು ಪುಸ್ತಕ ತಂದು ಪುಟ ತೆರೆದು ತೋರಿಸಿದರು. ಡೀಟ್ರಿಶ್ ಅವರ ಪೆನ್ಸಿಲ್ ಸ್ಕೆಚ್. ಅಂಗೈಯಷ್ಟು ಜಾಗದಲ್ಲಿ ದಡ, ನೀರು, ಮೋಡ. ಮೋಡದ ಒಳಗೆ, ನೀರಿನ ಒಳಗೆ ಸಣ್ಣ ಅಕ್ಷರದಲ್ಲಿ ಬಣ್ಣದ ಹೆಸರು. ಹೊರಗೆ ನಿಂತು ನೋಡಿದ್ದನ್ನು ಹೀಗೆ ಗುರುತು ಹಾಕಿಕೊಂಡು ಬಂದು, ಮೇಜಿನಲ್ಲಿ ಕೂತು ಬಣ್ಣ ಹಾಕುತ್ತಿದ್ದರು. ಆಮೇಲೆ ಕ್ಯಾಮೆರಾ ಸಹ ಬಳಸಿದರು. ಆ ಫೋಟೋಗಳಲ್ಲಿ ಬಣ್ಣ ಇರಲಿಲ್ಲ ಅಲ್ವಾ, ಬಣ್ಣವನ್ನು ತಲೆಯಲ್ಲೇ ಹೊತ್ತು ತರಬೇಕಿತ್ತು.

ನಾನು ಇಷ್ಟು ದಿನ ಮೊಬೈಲ್‌ನಲ್ಲಿ ಫೋಟೋ ಹೊಡೆದು, ಮನೆಯಲ್ಲಿ ಅದನ್ನು ನೋಡಿ ಬಣ್ಣ ಹಾಕುತ್ತಿದ್ದೆ. ಆಕಾಶ ಯಾವಾಗಲೂ ಸತ್ತ ಹಾಗೆ ಬರುತ್ತಿತ್ತು. ಯಾಕೆ ಅಂತ ಆ ಪುಟ ನೋಡಿದಾಗ ಗೊತ್ತಾಯಿತು.

ಹೊರಗೆ ಬಂದು ನೀರಿನ ಹತ್ತಿರ ಹೋದೆ. ಮೊಬೈಲ್ ಚೀಲಕ್ಕೆ ಹಾಕಿ, ಪೆನ್ಸಿಲ್ ತೆಗೆದೆ. ಸಂಜೆಯಾಗುತ್ತಿತ್ತು. ಆಚೆಯ ಗುಡ್ಡದ ಗೆರೆ ಎಳೆದು ಒಳಗೆ ಏನು ಬರೆಯಲಿ ಎಂದು ನೋಡಿದೆ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷು, ಅಂಗಡಿಯಲ್ಲಿ ಜರ್ಮನ್. ಪೆನ್ಸಿಲ್‌ಗೆ ಬಂದದ್ದು ಮಾತ್ರ ಕನ್ನಡ. ಗುಡ್ಡಕ್ಕೆ "ನೇರಳೆ ಹಣ್ಣು ತಿಂದ ನಾಲಿಗೆ". ಅದರ ಮೇಲಿನ ಆಕಾಶಕ್ಕೆ "ಪಪ್ಪಾಯಿ, ಇನ್ನೂ ಪೂರ್ತಿ ಹಣ್ಣಾಗಿಲ್ಲ". ಚಾವಣಿಗಳಿಗೆ "ಕೆಮ್ಮಣ್ಣು, ಮಳೆ ಬಿದ್ದ ಮೇಲೆ". ದಡದ ಹತ್ತಿರದ ನೀರಿಗೆ "ನೀರು ಮಜ್ಜಿಗೆ".

ಜೊಂಡಿಗೆ ಮಾತ್ರ ಹೆಸರು ಸಿಗಲಿಲ್ಲ. ಒಣ ಹುಲ್ಲು ಎಂದು ಬರೆದು ಹೊಡೆದು ಹಾಕಿದೆ. ಹಳೇ ಚಾಪೆ ಎಂದು ಬರೆದೆ, ಅದೂ ಅಲ್ಲ. ಬುಡದಲ್ಲಿ ಒಂದು ಹಸಿರಿತ್ತು, ತುದಿಗೆ ಹೋಗುತ್ತಾ ಅದು ಬೇರೆ ಏನೋ ಆಗುತ್ತಿತ್ತು. ಗಾಳಿ ಬಂದಾಗ ಮತ್ತೆ ಬದಲು. ಒಂದು ರೈಲು ಹೋಯಿತು. ಇನ್ನೊಂದು ಇದ್ದೇ ಇದೆ ಎಂದು ಕಲ್ಲಿನ ಮೇಲೆ ಇನ್ನಷ್ಟು ಮುಂದೆ ಸರಿದು ಕೂತೆ.